ಈಜುಕೊಳದಲ್ಲಿ ಆಟದ ಹೊತ್ತು: ಹೆತ್ತವರು ತಿಳಿದಿರಬೇಕಾದ ವಿಷಯಗಳು

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಂ ಕಡೆಯ ಈಜುಕೊಳಗಳು ಮಕ್ಕಳಿಂದ ತುಂಬುತ್ತವೆ. ಚಾಮರಾಜಪೇಟೆ, ಕಲಾಸಿಪಾಳ್ಯ, ಪಾದರಾಯನಪುರದ ಮನೆಗಳಿಂದಲೂ ಮಕ್ಕಳು ಹೆಗಲಿಗೆ ಟವೆಲ್ ಹಾಕಿಕೊಂಡು ಶಿಬಿರಕ್ಕೆ ಹೊರಡುತ್ತಾರೆ. ನಿಮ್ಮ ಮಗ ಇಪ್ಪತ್ತು ದಿನ ಕಲಿತಿದ್ದಾನೆ ಎಂದುಕೊಳ್ಳಿ. ಕೈಕಾಲು ಬಡಿದು, ಕೊಳದ ಅಗಲಕ್ಕೆ ಈಜಿ, ಎದುರಿನ ಗೋಡೆ ಮುಟ್ಟುವಷ್ಟು ಧೈರ್ಯ ಬಂದಿದೆ. ಅದೇ ಕೊಳದ ಇನ್ನೊಂದು ಬದಿಯಲ್ಲಿ ಕ್ಲಬ್ಬಿನ ತಂಡದ ಮಕ್ಕಳು ಅಭ್ಯಾಸ ಮಾಡುತ್ತಿದ್ದಾರೆ. ಅಭ್ಯಾಸ ಮುಗಿದ ಮೇಲೆ ಕೋಚ್ ಅವರನ್ನು ಹತ್ತು ಹದಿನೈದು ನಿಮಿಷ ಆಟಕ್ಕೆ ಬಿಡುತ್ತಾರೆ. ಚೆಂಡು ನೀರಿಗೆ ಬೀಳುತ್ತದೆ, ಕೇಕೆ ಶುರುವಾಗುತ್ತದೆ. ಅವರಲ್ಲಿ ಒಬ್ಬ ನಿಮ್ಮ ಮಗನ ಕಡೆ ತಿರುಗಿ, "ನಮ್ಮ ಕಡೆ ಒಬ್ಬ ಕಮ್ಮಿ, ಬಾರೋ" ಎನ್ನುತ್ತಾನೆ.

ಮಗ ನಿಮ್ಮ ಮುಖ ನೋಡುತ್ತಾನೆ. ನೀವು ಏನು ಹೇಳುತ್ತೀರಿ?

ಕೆಲವು ತಾಯಂದಿರು ಹೆದರಿ "ಬೇಡ, ಮೇಲೆ ಬಾ" ಎನ್ನುತ್ತಾರೆ. ಕೆಲವು ತಂದೆಯರು "ಹೋಗಲಿ ಬಿಡು, ಆಟ ತಾನೇ, ಈಜು ಬಲ್ಲ ಹುಡುಗರೇ ಸುತ್ತ ಇದ್ದಾರೆ" ಎಂದು ಮೊಬೈಲ್ ತೆಗೆಯುತ್ತಾರೆ. ಎರಡೂ ಸರಿಯಲ್ಲ. ಮಗು ಆಡಬೇಕು, ಏಕೆಂದರೆ ನೀರಿನ ಭಯ ಹೋಗುವುದು ಆಟದಲ್ಲೇ. ಆದರೆ ಪಾಠದ ಹೊತ್ತಿಗಿಂತ ಆಟದ ಹೊತ್ತಿನಲ್ಲಿ ನಿಮ್ಮ ಕಣ್ಣು ಹೆಚ್ಚು ಎಚ್ಚರವಾಗಿರಬೇಕು. ಪಾಠ ನಡೆಯುವಾಗ ಕೋಚ್ ಒಂದೊಂದು ಮಗುವನ್ನೂ ನೋಡುತ್ತಿರುತ್ತಾರೆ. ಆಟದಲ್ಲಿ ಎಲ್ಲರೂ ಚೆಂಡನ್ನು ನೋಡುತ್ತಾರೆ.

ಕೆರೆಯಿಂದ ಈಜುಕೊಳಕ್ಕೆ

ನಮ್ಮ ಹಿರಿಯರಿಗೆ ಈ ಪ್ರಶ್ನೆ ಇರಲಿಲ್ಲ. ಅವರು ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತರು. ಹಳೆಯ ಬೆಂಗಳೂರಿನ ಸುತ್ತ ಕೆರೆಗಳಿಗೆ ಕೊರತೆ ಇರಲಿಲ್ಲ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಚಾಮರಾಜಪೇಟೆಗೆ ಹತ್ತಿರದ ಕೆಂಪಾಂಬುಧಿ ಕೆರೆ, ಮಲ್ಲೇಶ್ವರಂ ಪಕ್ಕದಲ್ಲಿ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ಉಳಿದುಕೊಂಡಿವೆ. ಆದರೆ ಅವು ಈಗ ಮಕ್ಕಳನ್ನು ಇಳಿಸುವ ನೀರಲ್ಲ.

ಚಾಮರಾಜಪೇಟೆ ಬಡಾವಣೆ 1892ರಲ್ಲಿ ಆಯಿತು. 1898ರ ಪ್ಲೇಗ್ ಹಾವಳಿಯಲ್ಲಿ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದಾಗ ಬಸವನಗುಡಿ, ಮಲ್ಲೇಶ್ವರಂ ಬೆಳೆದವು. ಗಾಳಿ, ಬೆಳಕು, ಶುಚಿತ್ವ ಬೇಕೆಂದೇ ಅಗಲ ರಸ್ತೆಗಳನ್ನಿಟ್ಟು ಮಾಡಿದ ಬಡಾವಣೆಗಳು ಇವು. ಮಲ್ಲೇಶ್ವರಂನಲ್ಲಿ 'ಸ್ವಿಮ್ಮಿಂಗ್ ಪೂಲ್ ಎಕ್ಸ್‌ಟೆನ್ಷನ್' ಎಂಬ ಹೆಸರಿನ ಬಡಾವಣೆಯೇ ಇದೆ. ಬಸವನಗುಡಿಯಲ್ಲಿ ಬಸವನಗುಡಿ ಅಕ್ವಾಟಿಕ್ ಸೆಂಟರ್, ನೆಟ್ಟಕಲ್ಲಪ್ಪ ಅಕ್ವಾಟಿಕ್ ಸೆಂಟರ್ ಎಂಬ ಎರಡು ಹೆಸರಾಂತ ಈಜು ಕೇಂದ್ರಗಳಿವೆ. ರಾಷ್ಟ್ರಮಟ್ಟದ ಈಜುಗಾರರು ಇಲ್ಲಿ ತಯಾರಾಗಿದ್ದಾರೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಈಜಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಚಿಕ್ಕಂದಿನಲ್ಲಿ ನೀರಿನಲ್ಲಿ ಮುಳುಗುವ ಅಪಾಯದಿಂದ ಪಾರಾದವರು. ನೀರಿಗೆ ಹೆದರಿದ್ದ ಅದೇ ಮಗು ಮುಂದೆ ಅರ್ಜುನ ಪ್ರಶಸ್ತಿ ಪಡೆಯಿತು. ಹೀಗಾಗಿ ಹೆದರಿದ ಮಗುವನ್ನು ನೀರಿನಿಂದ ದೂರವಿಡುವುದು ಪರಿಹಾರವಲ್ಲ.

ಈಜು ಕಲಿಸುವುದು ನಮಗೆ ಹೊಸ ವಿಷಯವೂ ಅಲ್ಲ. ಮಕ್ಕಳಿಗೆ ಈಜು ಮತ್ತು ಬಿಲ್ವಿದ್ಯೆ ಕಲಿಸಬೇಕೆಂಬ ಮಾತು ಹಝ್ರತ್ ಉಮರ್(ರ) ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಪ್ರವಾದಿ ಮುಹಮ್ಮದ್(ಸ) ಅವರು ಬಾಲ್ಯದಲ್ಲಿ ತಾಯಿ ಆಮಿನಾರೊಂದಿಗೆ ಮದೀನಕ್ಕೆ ಹೋಗಿದ್ದಾಗ ಬನೂ ನಜ್ಜಾರ್ ಮನೆತನದವರ ಬಾವಿಯಲ್ಲಿ ಈಜು ಕಲಿತರೆಂದು ಚರಿತ್ರೆಯ ಗ್ರಂಥಗಳಲ್ಲಿ ಉಲ್ಲೇಖವಿದೆ. ಊರಿಗೆ ಬಂದ ಮಗು ಅಲ್ಲಿನ ಮಕ್ಕಳೊಂದಿಗೆ ಆಡುತ್ತಾ ನೀರಿಗಿಳಿದ ಚಿತ್ರ ಅದು. ಮಕ್ಕಳು ಮಕ್ಕಳಿಂದ ಕಲಿಯುತ್ತಾರೆ.

ಆಟ ಏನು ಕಲಿಸುತ್ತದೆ?

ಪಾಠದಲ್ಲಿ ಮಗು ನೇರ ಗೆರೆಯಲ್ಲಿ ಈಜುತ್ತದೆ. ಮುಂದೆ ಗೋಡೆ ಇದೆ ಎಂದು ಅದಕ್ಕೆ ಗೊತ್ತು. ಆಟದಲ್ಲಿ ಗೆರೆಯಿಲ್ಲ. ಚೆಂಡು ಹೋದ ಕಡೆ ತಿರುಗಬೇಕು, ನಿಲ್ಲಬೇಕು, ಮುಖಕ್ಕೆ ನೀರು ಹಾರಿದರೂ ಗಾಬರಿಯಾಗದೆ ಉಸಿರು ತೆಗೆದುಕೊಳ್ಳಬೇಕು. ನಿಜವಾದ ಅಪಾಯದಲ್ಲಿ ಬೇಕಾಗುವುದು ಇದೇ. ಕಾಲು ಜಾರಿ ನೀರಿಗೆ ಬಿದ್ದವನ ಮುಂದೆ ಲೇನ್ ಹಗ್ಗ ಇರುವುದಿಲ್ಲ.

ಕಲಿಯುವ ಮಕ್ಕಳೂ ತಂಡದ ಮಕ್ಕಳೂ ಕೂಡಿ ಆಡಬಹುದಾದ ಆಟಗಳು ಹಲವಿವೆ. ಶಾಲೆಯ ಅಂಗಳದಲ್ಲಿ ಆಡುವ ಕೆರೆ-ದಡ ಆಟವನ್ನು ಕೊಳದ ಆಳವಿಲ್ಲದ ಕಡೆ ಆಡಬಹುದು. "ಕೆರೆ" ಎಂದಾಗ ನೀರಿಗೆ, "ದಡ" ಎಂದಾಗ ಮೇಲಕ್ಕೆ. ಹೀಗೆ ನೀರಿಗಿಳಿದು ಕೈಯೂರಿ ಮೇಲೆ ಹತ್ತುವುದು ಹತ್ತಾರು ಸಲ ಅಭ್ಯಾಸವಾಗುತ್ತದೆ. ಮುಟ್ಟಾಟವಿದೆ. ತಳದಲ್ಲಿ ಹಾಕಿದ ರಬ್ಬರ್ ಬಳೆಯನ್ನು ಎತ್ತಿ ತರುವ ಆಟವಿದೆ. ಕಿಕ್‌ಬೋರ್ಡ್ ಹಿಡಿದು ಇಬ್ಬಿಬ್ಬರಾಗಿ ಓಡುವ ರಿಲೇ ಇದೆ.

ತಂಡದ ಮಕ್ಕಳಿಗೆ ಹೆಚ್ಚು ಇಷ್ಟ ವಾಟರ್ ಪೋಲೊ. ಗೋಲ್‌ಕೀಪರ್ ಸೇರಿ ಒಂದೊಂದು ಕಡೆ 7 ಮಂದಿ. ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ತಳಕ್ಕೆ ಕಾಲೂರುವಂತಿಲ್ಲ. ಈ ಆಟದಲ್ಲಿ ಭಾರತ 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದೆ. 1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿದೆ. ಕಲಿಯುವ ಮಕ್ಕಳು ಇದನ್ನು ಎದೆಮಟ್ಟದ ನೀರಿನಲ್ಲಿ, ಕಾಲೂರಲು ಅವಕಾಶವಿಟ್ಟು, ಹಗುರ ಚೆಂಡಿನಲ್ಲಿ ಆಡಿದರೆ ಸಾಕು.

ಆಟದ ಇನ್ನೊಂದು ಲಾಭವೂ ಇದೆ. ನಮ್ಮ ಎಷ್ಟೋ ಮಕ್ಕಳಿಗೆ ಶಾಲೆ, ಮದ್ರಸ, ಟ್ಯೂಷನ್, ಮನೆ ಇಷ್ಟೇ ಲೋಕ. ಬೇರೆ ಬೀದಿಯ, ಬೇರೆ ಮತದ, ಬೇರೆ ಮನೆಮಾತಿನ ಮಕ್ಕಳೊಂದಿಗೆ ಒಂದೇ ಕಡೆ ನಿಂತು ಆಡುವ ಅವಕಾಶ ಕಡಿಮೆ. ನೀರಿನಲ್ಲಿ ಎಲ್ಲರ ತಲೆಯ ಮೇಲೂ ಒಂದೇ ಬಗೆಯ ಕ್ಯಾಪ್. "ಪಾಸ್ ಕೊಡೋ" ಎಂದು ಕೂಗಿದವನೇ ಗೆಳೆಯ.

ತಂಡದ ಮಗುವಿನ ಶಕ್ತಿ ನಿಮ್ಮ ಮಗುವಿಗಿಲ್ಲ

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಲಿ. ತಂಡದ ಮಗು ದಿನಕ್ಕೆ ಗಂಟೆಗಟ್ಟಲೆ ನೀರಿನಲ್ಲಿರುತ್ತದೆ. ಅದಕ್ಕೆ ಆಳದ ಕಡೆಯೂ ಒಂದೇ, ಆಳವಿಲ್ಲದ ಕಡೆಯೂ ಒಂದೇ. ಆಟದ ಭರದಲ್ಲಿ ಚೆಂಡು ಆಳದ ಕಡೆಗೆ ಹೋದರೆ ಎಲ್ಲರೂ ಅತ್ತ ನುಗ್ಗುತ್ತಾರೆ. ಹಿಂದೆಯೇ ಹೋದ ನಿಮ್ಮ ಮಗುವಿಗೆ ಕಾಲಿನ ಕೆಳಗೆ ನೆಲವಿಲ್ಲ ಎಂಬುದು ತಿಳಿಯುವುದು ನಿಲ್ಲಲು ನೋಡಿದಾಗಲೇ. ಅಷ್ಟರಲ್ಲಿ ಉಸಿರು ಕಟ್ಟಿರುತ್ತದೆ, ಕೈ ಸೋತಿರುತ್ತದೆ.

ಆದ್ದರಿಂದ ಆಳದ ನೀರಿನ ಆಟಕ್ಕೆ ಕಳುಹಿಸುವ ಮೊದಲು ಕೋಚ್ ಎದುರಿನಲ್ಲಿ ಈ ಐದು ಕೆಲಸಗಳನ್ನು ಮಗು ನಿಲ್ಲದೆ ಒಂದರ ಹಿಂದೊಂದು ಮಾಡಿ ತೋರಿಸಲಿ. ಒಂದು, ತಲೆ ಮುಳುಗುವ ನೀರಿಗೆ ಇಳಿದು ತಾನಾಗಿ ಮೇಲೆ ಬರುವುದು. ಎರಡು, ನಿಂತಲ್ಲೇ ಕೈಕಾಲಾಡಿಸುತ್ತಾ ಅಥವಾ ಅಂಗಾತ ತೇಲುತ್ತಾ ಒಂದು ನಿಮಿಷ ಇರುವುದು. ಮೂರು, ಸುತ್ತ ತಿರುಗಿ ಹೊರಬರುವ ಜಾಗ ಎಲ್ಲಿದೆ ಎಂದು ನೋಡುವುದು. ನಾಲ್ಕು, ಅಲ್ಲಿಗೆ ಸುಮಾರು 25 ಮೀಟರ್ ಈಜುವುದು. ಐದು, ಏಣಿಯಿಲ್ಲದೆ ಕೈಯೂರಿ ಮೇಲೆ ಹತ್ತುವುದು. ಇದರಲ್ಲಿ ಒಂದು ತಪ್ಪಿದರೂ ಮಗು ಎದೆಮಟ್ಟದ ನೀರಿನಲ್ಲೇ ಆಡಲಿ. ಇದು ಅವಮಾನವಲ್ಲ. ಮುಂದಿನ ತಿಂಗಳು ಇನ್ನೊಮ್ಮೆ ಪರೀಕ್ಷೆ ಕೊಡಬಹುದು.

ತೋಳಿಗೆ ಕಟ್ಟುವ ಗಾಳಿ ಚೀಲ, ಟ್ಯೂಬ್ ಇವನ್ನು ನಂಬಿ ಆಳಕ್ಕೆ ಬಿಡಬೇಡಿ. ಆಟದ ಎಳೆದಾಟದಲ್ಲಿ ಅವು ಕಳಚುತ್ತವೆ. ಭುಜದ ಮೇಲೆ ಹತ್ತುವುದು, ತಲೆ ಹಿಡಿದು ನೀರಿನಲ್ಲಿ ಅದುಮುವುದು, ಒದ್ದೆ ಅಂಚಿನಲ್ಲಿ ಓಡುವುದು, ಆಳವಿಲ್ಲದ ಕಡೆ ತಲೆ ಕೆಳಗಾಗಿ ಧುಮುಕುವುದು, ಇವು ನಾಲ್ಕಕ್ಕೂ ಅವಕಾಶ ಬೇಡ. ತಳಕ್ಕೆ ತಲೆ ಬಡಿದರೆ ಕತ್ತಿನ ಮೂಳೆ ಮುರಿದು ಜೀವನಪೂರ್ತಿ ಕೈಕಾಲು ಆಡದೆ ಹೋಗಬಹುದು. ಸುಮಾರು 9 ಅಡಿ ಆಳವಿಲ್ಲದ ಕಡೆ ತಲೆ ಮುಂದಾಗಿ ಹಾರಬಾರದು ಎಂಬುದು ಸಾಮಾನ್ಯ ನಿಯಮ.

ಒಂದು ಆಟ ಮಾತ್ರ ಬೇಡವೇ ಬೇಡ

ಈಜು ಬಲ್ಲ ಮಕ್ಕಳು ಸೇರಿದಲ್ಲಿ ಒಂದು ಪಂತ ಹುಟ್ಟುತ್ತದೆ. "ಯಾರು ಜಾಸ್ತಿ ಹೊತ್ತು ನೀರಿನೊಳಗೆ ಇರ್ತಾರೆ ನೋಡೋಣ", "ಉಸಿರು ಬಿಡದೆ ಆ ಕಡೆಯಿಂದ ಈ ಕಡೆಗೆ ಬರ್ತೀಯಾ?" ಎಂದು ಸವಾಲು ಹಾಕುತ್ತಾರೆ. ನೋಡುವವರಿಗೆ ಇದು ತಮಾಷೆ. ಗದ್ದಲವಿಲ್ಲ, ಎಳೆದಾಟವಿಲ್ಲ. ಆದರೆ ಕೊಳದ ಆಟಗಳಲ್ಲಿ ಇಷ್ಟು ಮೋಸದ ಆಟ ಇನ್ನೊಂದಿಲ್ಲ.

ಏಕೆಂದು ತಿಳಿಯಿರಿ. ನಮಗೆ ಉಸಿರು ತೆಗೆದುಕೊಳ್ಳಬೇಕೆಂಬ ಒತ್ತಡ ಬರುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಹೆಚ್ಚಿದಾಗ. ಆಮ್ಲಜನಕ ಕಡಿಮೆಯಾಯಿತೆಂದು ದೇಹ ಅಷ್ಟು ಜೋರಾಗಿ ಎಚ್ಚರಿಸುವುದಿಲ್ಲ. ಪಂತಕ್ಕೆ ನಿಂತ ಹುಡುಗ ಮುಳುಗುವ ಮೊದಲು ಬುಸುಬುಸು ಎಂದು ನಾಲ್ಕಾರು ಸಲ ಉಸಿರು ಎಳೆದು ಬಿಡುತ್ತಾನೆ. ಇದರಿಂದ ಆಮ್ಲಜನಕ ಹೆಚ್ಚೇನೂ ಕೂಡುವುದಿಲ್ಲ, ಆದರೆ ಕಾರ್ಬನ್ ಡೈ ಆಕ್ಸೈಡ್ ಇಳಿದುಹೋಗುತ್ತದೆ. ದೇಹದ ಗಂಟೆಯನ್ನೇ ಬಿಚ್ಚಿಟ್ಟಂತಾಯಿತು. ನೀರಿನೊಳಗೆ ಆಮ್ಲಜನಕ ಮುಗಿಯುತ್ತಾ ಬಂದರೂ ಅವನಿಗೆ ಉಸಿರಿನ ಒತ್ತಡ ಬರುವುದಿಲ್ಲ. ಹಾಯಾಗಿಯೇ ಇರುತ್ತಾನೆ. ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುತ್ತದೆ. ನಂತರ ದೇಹ ತಾನಾಗಿ ಉಸಿರೆಳೆದಾಗ ಒಳಗೆ ಹೋಗುವುದು ನೀರು.

ಮೇಲಿನಿಂದ ನೋಡುವವರಿಗೆ ಅವನು ಇನ್ನೂ ಪಂತ ಗೆಲ್ಲುತ್ತಿರುವಂತೆ ಕಾಣುತ್ತಾನೆ. "ಭೇಷ್, ಇನ್ನೂ ಇದ್ದಾನೆ" ಎಂದು ಗೆಳೆಯರು ಎಣಿಸುತ್ತಿರುತ್ತಾರೆ. ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಗುತ್ತದೆ.

ಇದಕ್ಕೆ ಹೆಚ್ಚಾಗಿ ಬಲಿಯಾಗುವವರು ಈಜು ಬಾರದವರಲ್ಲ, ಚೆನ್ನಾಗಿ ಈಜುವವರು. ಅವರಿಗೆ ಛಲ ಹೆಚ್ಚು, ಒತ್ತಡ ತಡೆಯುವ ಅಭ್ಯಾಸವೂ ಇರುತ್ತದೆ. ಎದೆಮಟ್ಟದ ನೀರಿನಲ್ಲೂ ಹೀಗಾಗಬಹುದು. ಅಮೆರಿಕದ ರೆಡ್‌ಕ್ರಾಸ್‌ನಂತಹ ಸಂಸ್ಥೆಗಳು ದೀರ್ಘ ಉಸಿರು ಹಿಡಿಯುವ ಪಂತಗಳನ್ನು ಈಜುಕೊಳದಲ್ಲಿ ಬಿಡಲೇಬಾರದೆಂದು ಎಚ್ಚರಿಸಿವೆ. ರಬ್ಬರ್ ಬಳೆ ಎತ್ತುವ ಆಟದಲ್ಲೂ ಒಂದು ಉಸಿರಿಗೆ ಒಂದೇ ಬಳೆ ಎಂಬ ನಿಯಮವಿರಲಿ. ಮೇಲೆ ಬಂದು ಸುಧಾರಿಸಿಕೊಂಡ ಮೇಲೆಯೇ ಮುಂದಿನದು.

ನಿಮ್ಮ ಮಗ ತಂಡದಲ್ಲೇ ಇದ್ದರೆ ಈ ಮಾತು ಅವನಿಗೆ ಇನ್ನೂ ಮುಖ್ಯ. ಬರೀ "ಬೇಡ" ಎಂದರೆ ಹದಿನಾಲ್ಕರ ಹುಡುಗ ಕೇಳುವುದಿಲ್ಲ. ಕಾರಣ ಹೇಳಿ, ಕೇಳುತ್ತಾನೆ. ತನ್ನ ಕೈಯಾರೆ ತನ್ನನ್ನು ನಾಶಕ್ಕೆ ತಳ್ಳಿಕೊಳ್ಳಬಾರದೆಂದು ಪವಿತ್ರ ಕುರ್‌ಆನ್ (2:195) ಎಚ್ಚರಿಸುತ್ತದೆ. ಜೀವ ಪಂತಕ್ಕಿಡುವ ವಸ್ತುವಲ್ಲ, ಅದು ಅಲ್ಲಾಹನ ಅಮಾನತ್ತು ಎಂದು ತಿಳಿಸಿ ಹೇಳಿ.

ಮುಳುಗುವವರು ಕೂಗುವುದಿಲ್ಲ

ಸಿನಿಮಾದಲ್ಲಿ ಮುಳುಗುವವನು "ಕಾಪಾಡಿ" ಎಂದು ಕೂಗಿ ಕೈ ಬೀಸುತ್ತಾನೆ. ನಿಜದಲ್ಲಿ ಹಾಗಾಗುವುದು ಅಪರೂಪ. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತಾ ಬೀಳುತ್ತಾ ಇರುವಾಗ ಕೂಗಲು ಉಸಿರಿರುವುದಿಲ್ಲ. ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ತೆರೆದಿರುತ್ತದೆ, ಕೈಗಳು ಪಕ್ಕದಲ್ಲಿ ನೀರನ್ನು ಒತ್ತುತ್ತಿರುತ್ತವೆ, ಕಾಲು ಆಡುವುದಿಲ್ಲ. ಏಣಿ ಹತ್ತುತ್ತಿರುವಂತೆ ಕಾಣುತ್ತದೆ, ಆದರೆ ಮಗು ಇದ್ದಲ್ಲೇ ಇರುತ್ತದೆ. ಇದು 20ರಿಂದ 60 ಸೆಕೆಂಡು. ಅಷ್ಟರಲ್ಲಿ ಯಾರೂ ನೋಡದಿದ್ದರೆ ಮಗು ಕೆಳಗಿಳಿಯುತ್ತದೆ. ಗದ್ದಲದ ನಡುವೆ ಒಂದು ಮಗು ಸುಮ್ಮನಾಯಿತೆಂದರೆ ಮೊದಲು ಅತ್ತ ನೋಡಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ ನಮ್ಮ ದೇಶದಲ್ಲೇ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜೀವ ಹೀಗೆ ಹೋಗುತ್ತದೆ. ಆದ್ದರಿಂದ ಲೈಫ್‌ಗಾರ್ಡ್ ಇದ್ದರೂ ನಿಮ್ಮ ಮನೆಯಿಂದ ಒಬ್ಬರು ಕಾವಲಿರಲಿ. ಅಬ್ಬಾ ಇರಲಿ, ಮಾಮು ಇರಲಿ, ಖಾಲಾ ಇರಲಿ, ಆ ಹದಿನೈದು ನಿಮಿಷ ಅವರ ಕೈಯಲ್ಲಿ ಮೊಬೈಲ್ ಬೇಡ, ಪಕ್ಕದವರೊಂದಿಗೆ ಮಾತು ಬೇಡ. "ಎಲ್ಲರೂ ನೋಡ್ತಿದ್ದಾರೆ" ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಕಾವಲು ಯಾರದೆಂದು ಹೆಸರಿಟ್ಟು ಹೇಳಿ.

ಏನಾದರೂ ಆದರೆ ಈಜು ಬಾರದವರು ನೀರಿಗೆ ಹಾರಬೇಡಿ. ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ಲೈಫ್‌ಗಾರ್ಡನ್ನು ಕೂಗಿ. ಟ್ಯೂಬ್ ಎಸೆಯಿರಿ. ಅಂಚಿನಲ್ಲಿ ಮಲಗಿ ಕೋಲು, ಟವೆಲ್, ದುಪಟ್ಟಾ ಏನಾದರೂ ಚಾಚಿ ಎಳೆಯಿರಿ. ಮೇಲೆ ತಂದ ಮಗುವಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಅದುಮಿ ನೀರು ತೆಗೆಯುವುದು, ತಲೆಕೆಳಗು ಹಿಡಿಯುವುದು ಮಾಡಬೇಡಿ. ಅದರಿಂದ ಸಮಯ ಹಾಳಾಗುತ್ತದೆ, ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಮಗುವನ್ನು ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು 2 ಸಲ ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಮತ್ತೆ 2 ಉಸಿರು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮಗು ಎಚ್ಚರಗೊಂಡು ಮಾತಾಡಿದರೂ ಆಸ್ಪತ್ರೆಗೆ ತೋರಿಸಲೇಬೇಕು. ನೀರು ಸೇರಿದ ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಬಹುದು.

ಎಲ್ಲರ ನೀರು, ಎಲ್ಲರ ಹೊಣೆ

ನಿಂತ ನೀರಿನಲ್ಲಿ ಮೂತ್ರ ಮಾಡಿ ಅದರಲ್ಲೇ ಸ್ನಾನ ಮಾಡುವುದನ್ನು ಪ್ರವಾದಿ(ಸ) ಅವರು ನಿಷೇಧಿಸಿದರೆಂದು ಹಝ್ರತ್ ಅಬೂಹುರೈರಾ(ರ) ಅವರ ವರದಿ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಈಜುಕೊಳದ ಬಾಗಿಲಲ್ಲಿ ಬರೆದು ಹಾಕಬೇಕಾದ ಮಾತು ಇದು. ಆಟದ ಹೊತ್ತಿನಲ್ಲೇ ಮಕ್ಕಳು ಈ ತಪ್ಪು ಮಾಡುವುದು ಹೆಚ್ಚು. ಆಟ ಬಿಟ್ಟು ಹೋದರೆ ಜಾಗ ಹೋಗುತ್ತದೆಂಬ ಆಸೆ. ಆದ್ದರಿಂದ ಆಟ ಶುರುವಾಗುವ ಮೊದಲೇ ಮಗುವನ್ನು ಶೌಚಾಲಯಕ್ಕೆ ಕಳುಹಿಸಿ.

ಮೂಗಿಗೆ ಹೊಡೆಯುವ ವಾಸನೆ ಬಂದರೆ "ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ, ನೀರು ಶುದ್ಧ" ಎಂದುಕೊಳ್ಳುವವರಿದ್ದಾರೆ. ನಿಜ ಇದಕ್ಕೆ ಉಲ್ಟಾ. ಬೆವರು, ಮೂತ್ರ, ಮೈಯ ಕೊಳೆ ಕ್ಲೋರಿನ್ ಜೊತೆ ಸೇರಿ ಕ್ಲೋರಮೀನ್ ಎಂಬ ವಸ್ತು ಆಗುತ್ತದೆ. ಆ ವಾಸನೆ, ಕಣ್ಣಿನ ಉರಿ, ಕೆಮ್ಮು ಎಲ್ಲ ಹೆಚ್ಚಾಗಿ ಅದರಿಂದ. ಇಳಿಯುವ ಮೊದಲು ಒಂದು ನಿಮಿಷ ಮೈ ತೊಳೆದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ತಲೆಗೆ ಹಚ್ಚಿದ ಎಣ್ಣೆ, ಅತ್ತರ್, ಕಣ್ಣಿನ ಸುರ್ಮಾ ಇವನ್ನೂ ಅಂದು ಬಿಡಿ ಅಥವಾ ತೊಳೆದು ಇಳಿಸಿ. ಬಳೆ, ಜುಮುಕಿ, ಕೊರಳ ದಾರ ತೆಗೆದಿಡಿ, ಎಳೆದಾಟದಲ್ಲಿ ಸಿಕ್ಕಿಕೊಳ್ಳುತ್ತವೆ. ಉಗುರು ಕತ್ತರಿಸಿರಲಿ. ವಾಟರ್ ಪೋಲೊ ಆಡುವವರ ಉಗುರನ್ನು ಪಂದ್ಯಕ್ಕೆ ಮೊದಲು ನೋಡುವ ಪದ್ಧತಿಯೇ ಇದೆ.

ನೀರು ಚೆನ್ನಾಗಿದೆಯೇ ಎಂದು ನೀವೇ ನೋಡಬಹುದು. ಅತ್ಯಂತ ಆಳದ ಕಡೆಯೂ ತಳದ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಇಳಿಸಬೇಡಿ. ಕಲಕು ನೀರಿನಲ್ಲಿ ರೋಗವೂ ಉಂಟು, ತಳಕ್ಕಿಳಿದ ಮಗು ಕಾಣುವುದೂ ಇಲ್ಲ. ಅಂದಿನ ಕ್ಲೋರಿನ್ ಎಷ್ಟು, ಪಿಹೆಚ್ ಎಷ್ಟು ಎಂದು ಸಿಬ್ಬಂದಿಯನ್ನು ಕೇಳಿ. ಕ್ಲೋರಿನ್ 1ರಿಂದ 3 ಪಿಪಿಎಂ, ಪಿಹೆಚ್ 7.2ರಿಂದ 7.8ರ ನಡುವೆ ಇದ್ದರೆ ಸರಿ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಭೇದಿಯಾದ ಮಗುವನ್ನು ಕೊಳಕ್ಕೆ ಕಳುಹಿಸಲೇಬೇಡಿ. ಕ್ರಿಪ್ಟೊಸ್ಪೊರಿಡಿಯಂ ಎಂಬ ರೋಗಾಣು ಸರಿಯಾದ ಕ್ಲೋರಿನ್ ಇರುವ ನೀರಿನಲ್ಲೂ ಒಂದು ವಾರಕ್ಕೂ ಹೆಚ್ಚು ಬದುಕಬಲ್ಲದು. ಒಂದು ಮಗುವಿನಿಂದ ಇಡೀ ತಂಡ ಮಲಗಬಹುದು. ಕೆಂಗಣ್ಣು, ಕೀವಾದ ಗಾಯ, ಜ್ವರ ಇದ್ದಾಗಲೂ ಬೇಡ. ಟವೆಲ್, ಗಾಗಲ್ಸ್, ಬಾಚಣಿಗೆ ಗೆಳೆಯರೊಂದಿಗೆ ಹಂಚಿಕೊಳ್ಳುವುದು ಬೇಡ. ಕಾಲಿಗೆ ಚಪ್ಪಲಿ ಇರಲಿ, ಇಲ್ಲದಿದ್ದರೆ ಬೆರಳ ಸಂದಿಗೆ ಹುಳುಕು ಹಿಡಿಯುತ್ತದೆ.

ಕಿವಿಯ ವಿಷಯ. ಹೊರಬಂದ ಮೇಲೆ ತಲೆ ವಾಲಿಸಿ ನೀರು ಇಳಿಸಿ, ಟವೆಲ್‌ನಿಂದ ಹೊರಗಿನಿಂದ ಒರೆಸಿ. ಕಡ್ಡಿ, ಬಡ್ಸ್ ಹಾಕಬೇಡಿ. ಕಿವಿಯ ಹಾಲೆ ಎಳೆದರೆ ನೋವಾದರೆ ಒಳಗೆ ಸೋಂಕು ಇರಬಹುದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡದೆ ವೈದ್ಯರಿಗೆ ತೋರಿಸಿ. ಕಿವಿಯ ತಮಟೆಯಲ್ಲಿ ತೂತಿರುವ ಮಕ್ಕಳು, ಮೂರ್ಛೆರೋಗ ಇರುವ ಮಕ್ಕಳು, ಆಸ್ತಮಾ ಇರುವ ಮಕ್ಕಳು ವೈದ್ಯರನ್ನು ಕೇಳಿಯೇ ನೀರಿಗಿಳಿಯಬೇಕು, ಕೋಚ್‌ಗೂ ತಿಳಿಸಿರಬೇಕು. ಬೆಳಗಿನ ಚಳಿಯಲ್ಲಿ ತುಟಿ ನೀಲಿಯಾಗಿ ಮಗು ನಡುಗತೊಡಗಿದರೆ ಆಟ ಅಲ್ಲಿಗೆ ಸಾಕು.

ಉಡುಪು, ಹೆಣ್ಣುಮಕ್ಕಳು, ನಮಾಝ್

ಗಂಡುಮಕ್ಕಳ ಔರತ್ ಹೊಕ್ಕುಳಿನಿಂದ ಮೊಣಕಾಲಿನವರೆಗೆ. ಸ್ಪರ್ಧೆಯ ಈಜುಗಾರರು ಹಾಕುವ, ಸೊಂಟದಿಂದ ಮೊಣಕಾಲಿನ ತನಕ ಬರುವ ಜಾಮರ್ ಎಂಬ ಚಡ್ಡಿ ಅಂಗಡಿಗಳಲ್ಲಿ ಸಿಗುತ್ತದೆ. ಸ್ವಲ್ಪ ಉದ್ದದ್ದನ್ನೇ ಆರಿಸಿ. ತಂಡದ ಮಕ್ಕಳ ನಡುವೆ ಅದು ಬೇರೆಯಾಗಿ ಕಾಣುವುದೂ ಇಲ್ಲ.

ಹೆಣ್ಣುಮಕ್ಕಳಿಗೆ ಹತ್ತು ಹನ್ನೊಂದು ವರ್ಷವಾಯಿತೆಂದರೆ ಈಜು ನಿಲ್ಲಿಸಿಬಿಡುವ ಮನೆಗಳು ನಮ್ಮಲ್ಲಿ ಬಹಳ. ನಿಲ್ಲಿಸುವ ಮೊದಲು ಇರುವ ದಾರಿಗಳನ್ನು ನೋಡಿ. ಮಹಿಳೆಯರಿಗೆ ಮಾತ್ರ ಮೀಸಲಾದ ಬ್ಯಾಚ್ ಇದೆಯೇ, ಆ ಹೊತ್ತಿನಲ್ಲಿ ಕೋಚ್ ಮತ್ತು ಲೈಫ್‌ಗಾರ್ಡ್ ಮಹಿಳೆಯರೇ ಎಂದು ವಿಚಾರಿಸಿ. ಇಲ್ಲದಿದ್ದರೆ ಹತ್ತು ತಾಯಂದಿರು ಸೇರಿ ಕೇಳಿದರೆ ವಾರಕ್ಕೊಂದು ಗಂಟೆ ಸಿಗಬಹುದು. ಮೈಪೂರ್ತಿ ಮುಚ್ಚುವ ಈಜುಡುಪು ಈಗ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ನೆಲೆಸಿದ ಲೆಬನಾನ್ ಮೂಲದ ಅಹೆದಾ ಝನೆಟ್ಟಿ ಎಂಬ ಮಹಿಳೆ 2004ರಲ್ಲಿ ಇಂತಹ ಉಡುಪು ರೂಪಿಸಿ ಬುರ್ಕಿನಿ ಎಂದು ಹೆಸರಿಟ್ಟರು. ಕೊಳದವರು ನೈಲಾನ್ ಅಥವಾ ಲೈಕ್ರಾ ಬಟ್ಟೆಯನ್ನೇ ಕೇಳುತ್ತಾರೆ. ಅದರಲ್ಲಿ ಅರ್ಥವಿದೆ. ಹತ್ತಿಯ ಸಲ್ವಾರ್, ದುಪಟ್ಟಾ ನೀರು ಕುಡಿದು ಭಾರವಾಗಿ ಕೈಕಾಲಿಗೆ ಸುತ್ತಿಕೊಳ್ಳುತ್ತವೆ. ಮುಚ್ಚಿಕೊಳ್ಳಲು ಹಾಕಿದ ಬಟ್ಟೆಯೇ ಮುಳುಗಿಸಬಾರದು. ಶುಲ್ಕ ಕಟ್ಟುವ ಮೊದಲೇ ಉಡುಪಿನ ನಿಯಮ ಕೇಳಿಕೊಳ್ಳಿ.

ಬಟ್ಟೆ ಬದಲಿಸುವ ಕೋಣೆಗೆ ಚಿಕ್ಕ ಮಕ್ಕಳನ್ನು ಒಂಟಿಯಾಗಿ ಕಳುಹಿಸಬೇಡಿ. ಅಲ್ಲಿ ಯಾರೂ ಫೋಟೊ ತೆಗೆಯುವಂತಿಲ್ಲ ಎಂದು ಮಗುವಿಗೆ ತಿಳಿದಿರಲಿ. ಆಟದ ನೆಪದಲ್ಲಿ ಯಾರಾದರೂ ಮುಟ್ಟಿದ್ದು ಸರಿಯೆನಿಸದಿದ್ದರೆ ಕೂಡಲೇ ಮೇಲೆ ಬಂದು ನಿಮಗೆ ಹೇಳಬೇಕು. ಹೇಳಿದರೆ ಅಮ್ಮಿ ಬೈಯುವುದಿಲ್ಲ ಎಂಬ ನಂಬಿಕೆಯನ್ನು ನೀವು ಮೊದಲೇ ಕೊಟ್ಟಿರಬೇಕು.

ಆಟದ ಗುಂಗಿನಲ್ಲಿ ನಮಾಝಿನ ಸಮಯ ತಪ್ಪದಂತೆ ಬ್ಯಾಚ್ ಆರಿಸಿ. ಸಂಜೆಯ ಬ್ಯಾಚ್ ಆದರೆ ಮಗ್‌ರಿಬ್ ನೆನಪಿರಲಿ. ರಮಝಾನಿನಲ್ಲಿ ಉಪವಾಸವಿರುವ ಮಕ್ಕಳು ಹಗಲಿನಲ್ಲಿ ಈ ಆಟಗಳನ್ನು ಬಿಡುವುದು ಲೇಸು. ಆಟದಲ್ಲಿ ನೀರು ಗಂಟಲಿಗಿಳಿಯುವ ಸಂಭವ ಹೆಚ್ಚು, ದಣಿವೂ ಹೆಚ್ಚು. ಈ ಬಗ್ಗೆ ನಿಮ್ಮ ಮಸೀದಿಯ ವಿದ್ವಾಂಸರನ್ನು ಕೇಳಿ ತಿಳಿಯಿರಿ.

ಈ ವಾರವೇ ಮಾಡಬಹುದಾದದ್ದು

ಮೂರು ಕೆಲಸ ಮಾಡಿ. ಕೋಚ್‌ರನ್ನು ಕಂಡು, ಅಭ್ಯಾಸದ ನಂತರದ ಆಟಕ್ಕೆ ಯಾರು ಕಾವಲಿರುತ್ತಾರೆ, ಉಸಿರು ಹಿಡಿಯುವ ಪಂತಕ್ಕೆ ತಡೆ ಇದೆಯೇ ಎಂದು ಕೇಳಿ. ಮೇಲೆ ಹೇಳಿದ ಐದು ಕೆಲಸಗಳ ಪರೀಕ್ಷೆ ಮಾಡಿಸಿ. ಮನೆಗೆ ಬಂದು ಮಕ್ಕಳನ್ನು ಕೂರಿಸಿಕೊಂಡು ಉಸಿರಿನ ವಿಷಯ ವಿವರಿಸಿ. ನಿಮ್ಮ ಮಗು ಆ ಮಾತನ್ನು ತಂಡದ ಗೆಳೆಯರಿಗೂ ಹೇಳಲಿ. ಒಬ್ಬ ಹುಡುಗ "ಇದು ಬೇಡ ಕಣ್ರೋ, ಅಪಾಯ" ಎಂದು ಪಂತ ನಿಲ್ಲಿಸಿದರೆ ಇನ್ನೊಂದು ಮನೆಯ ಮಗು ಉಳಿದಂತೆ. ಒಂದು ಜೀವ ಉಳಿಸಿದವನು ಇಡೀ ಮಾನವಕುಲವನ್ನೇ ಉಳಿಸಿದಂತೆ ಎಂಬುದು ಕುರ್‌ಆನ್ (5:32) ನಮಗೆ ಕಲಿಸಿದ ಲೆಕ್ಕ.

ಇಷ್ಟು ಮಾಡಿದ ಮೇಲೆ "ಬಾರೋ" ಎಂದು ಕರೆದಾಗ ಮಗ ನಿಮ್ಮ ಮುಖ ನೋಡಿದರೆ, ನಗುತ್ತಾ "ಹೋಗು" ಎನ್ನಿ. ಆಮೇಲೆ ಮೊಬೈಲನ್ನು ಜೇಬಿಗೆ ಹಾಕಿ ನೀರಿನ ಅಂಚಿನಲ್ಲಿ ಕುಳಿತುಕೊಳ್ಳಿ.